ಮರ ಬೇಯಿಸಿ ಬಸಿದರೆ ಏನು ಸಿಗುತ್ತೆ? ಹೇಳಿ ನೋಡೋಣ!

ಕ್ರಿಸ್‌ಮಸ್ ಬಂದರೆ ದೀಪ, ನಕ್ಷತ್ರ ತೂಗುಹಾಕುವ ಆ ಮೊನಚು ಮರ ಗೊತ್ತಲ್ಲ? ಸ್ಪ್ರೂಸ್! ಅದನ್ನು 1000 ಕೆ.ಜಿ. ತಗೊಳ್ಳಿ. ಚಕ್ಕೆ ಮಾಡಿ. ಗಂಧಕ ಸುಟ್ಟ ಹೊಗೆಯಿಂದ ಮಾಡಿದ ಹುಳಿದ್ರಾವಣ ಸುರಿದು, ಮುಚ್ಚಿದ ದೈತ್ಯ ಹಂಡೆಯಲ್ಲಿ ಗಂಟೆಗಟ್ಟಲೆ ಬೇಯಿಸಿ.

ಈಗ ಹೇಳಿ. ಒಳಗೆ ಏನಿದೆ?

ಕಾಗದದ ತಿರುಳು ಅಂದಿರಾ? ಇದೆ. ಆದರೆ ಅದು ಸುಮಾರು 400 ಕೆ.ಜಿ. ಮಾತ್ರ! ಉಳಿದದ್ದು ಎಲ್ಲಿ ಹೋಯ್ತು?

ಬಸಿದ ನೀರಿಗೆ! ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಬಸ್ಸಾರಿನ ಸತ್ವವೆಲ್ಲ ಇರುವ ಹಾಗೆ, ಮರದ ಅರ್ಧಕ್ಕಿಂತ ಹೆಚ್ಚು ಪಾಲು ಆ ಕಂದು ನೀರಿನಲ್ಲಿದೆ. ಒಂದು ಕಾಲದಲ್ಲಿ ಕಾರ್ಖಾನೆಗಳು ಅದನ್ನು ಸೀದಾ ಹೊಳೆಗೆ ಬಿಡುತ್ತಿದ್ದವು. ಅದರಲ್ಲಿದ್ದ ಸಕ್ಕರೆಗೆ ಸೂಕ್ಷ್ಮಜೀವಿಗಳು ಮುಗಿಬೀಳುತ್ತಿದ್ದವು. ತಿಂದು ತಿಂದು ನೀರಿನ ಆಮ್ಲಜನಕವನ್ನೂ ಬರಿದು ಮಾಡುತ್ತಿದ್ದವು. ಮೀನುಗಳಿಗೆ ಉಸಿರೇ ಇಲ್ಲ!

ಹೌದು, ಸಕ್ಕರೆ ಅಂದೆ. ಮರದಲ್ಲಿ ಸಕ್ಕರೆ!

ಇದು ಹೊಸ ಸುದ್ದಿ ಅಂದುಕೊಂಡಿರಾ? 1819ರಲ್ಲೇ ಫ್ರಾನ್ಸಿನ ಆನ್ರಿ ಬ್ರಾಕೊನೊ ಎಂಬ ರಸಾಯನಜ್ಞ ಮರದ ಹೊಟ್ಟು, ಹಳೇ ಚಿಂದಿ ಬಟ್ಟೆಗೆ ಗಂಧಕಾಮ್ಲ ಹಾಕಿ ಸಕ್ಕರೆ ತೆಗೆದು ತೋರಿಸಿದ್ದ. ಚಿಂದಿ ಬಟ್ಟೆಯಿಂದ ಸಕ್ಕರೆ!

ಇಲ್ಲೊಂದು ಪಂದ್ಯ. ಮರದ ನಾರು ಅಂದರೆ ಸೆಲ್ಯುಲೋಸ್. ಅದನ್ನು 100 ಕೆ.ಜಿ. ಪೂರ್ತಿ ಒಡೆದರೆ ಎಷ್ಟು ಸಕ್ಕರೆ ಬರಬೇಕು? ಐವತ್ತು? ತೊಂಬತ್ತು?

111 ಕೆ.ಜಿ.! ಹಾಕಿದ್ದಕ್ಕಿಂತ ಜಾಸ್ತಿ! ಮಾಟ ಅಲ್ಲ, ಲೆಕ್ಕ. ಸರಪಳಿಯ ಒಂದೊಂದು ಕೊಂಡಿ ಬಿಡಿಸುವಾಗಲೂ ಒಂದು ನೀರಿನ ಅಣು ಒಳಗೆ ಸೇರಿಕೊಳ್ಳುತ್ತೆ. ತೂಕ ಹೆಚ್ಚಿಸಿದ್ದು ಆ ನೀರು!

ಸಕ್ಕರೆ ಸಿಕ್ಕಿತು ಅಂದಮೇಲೆ ಯೀಸ್ಟ್ ಸುಮ್ಮನಿರುತ್ತಾ? ಅದಕ್ಕೆ ಹಬ್ಬ! ಸಕ್ಕರೆ ತಿಂದು ಮದ್ಯಸಾರ ಬಿಡುತ್ತೆ. ಅದೇ ಎಥನಾಲ್. ಪೆಟ್ರೋಲ್ ಬಂಕಿನಲ್ಲಿ ಇ20 ಅಂತ ಬರೆದಿರುತ್ತಾರಲ್ಲ, ಆ 20 ಇದರದ್ದೇ ಪಾಲು. (ನಮ್ಮ ಬಂಕಿಗೆ ಬರುವ ಎಥನಾಲ್ ಹೆಚ್ಚಾಗಿ ಕಬ್ಬು, ಧಾನ್ಯದ್ದು ಅನ್ನಿ.)

ಆದರೆ ಈ ಯೀಸ್ಟಿನ ಗತ್ತು ನೋಡಿ! ಗಂಧಕದ ಅನಿಲದ ವಾಸನೆ ಉಳಿದಿದ್ದರೆ ಕೆಲಸ ಬಂದ್. ಮೊದಲು ಅದನ್ನು ಹೊರಗೆ ಹಾಕಬೇಕು. ಸ್ಪ್ರೂಸಿನ ಕಂದು ನೀರಿನಲ್ಲಿ ಇರುವುದು ಹೆಚ್ಚಾಗಿ ಆರು ಇಂಗಾಲದ ಸಕ್ಕರೆ. ಅದನ್ನಾದರೆ ಗಬಗಬ ಮುಕ್ಕುತ್ತೆ. ನಮ್ಮ ನೀಲಗಿರಿ ಮರ ಬೇಯಿಸಿಕೊಡಿ, ಐದು ಇಂಗಾಲದ ಸಕ್ಕರೆಯೇ ಜಾಸ್ತಿ. ಮಾಮೂಲಿ ಯೀಸ್ಟ್ ಮೂಸಿಯೂ ನೋಡುವುದಿಲ್ಲ!

ಇನ್ನೊಂದು ಮಜಾ. ಯೀಸ್ಟ್ ತಿಂದ ಸಕ್ಕರೆಯಲ್ಲಿ ತೂಕದ ಲೆಕ್ಕಕ್ಕೆ ಹತ್ತಿರ ಹತ್ತಿರ ಅರ್ಧ ಗಾಳಿಗೆ ಹೋಗುತ್ತೆ! ಇಂಗಾಲದ ಡೈಆಕ್ಸೈಡ್. ಹಿಡಿದಿಟ್ಟುಕೊಂಡರೆ ಅದೂ ದುಡ್ಡೇ. ಸೋಡಾ ಬಾಟಲಿಯ ಬುರುಗು ಅದೇ ಅನಿಲ ತಾನೇ!

ಸ್ವೀಡನ್ 1909ರಲ್ಲೇ ಈ ಕಂದು ನೀರಿನಿಂದ ಮದ್ಯಸಾರ ಬಟ್ಟಿ ಇಳಿಸಿತ್ತು. ನನ್ನನ್ನು ಬೆರಗಾಗಿಸಿದ್ದು ಮಾತ್ರ ಪಕ್ಕದ ನಾರ್ವೆ. ಅಲ್ಲಿ ಗ್ಲೋಮಾ ನದಿಯ ಜಲಪಾತದ ಮಗ್ಗುಲಲ್ಲಿ ಸಾರ್ಪ್ಸ್‌ಬೋರ್ಗ್ ಅಂತ ಊರು. ಊರಲ್ಲಿ ಬೋರೆಗಾರ್ಡ್ ಕಾರ್ಖಾನೆ. 1938ರಿಂದ ಅಲ್ಲಿ ಮರದ ಎಥನಾಲ್! ನಮ್ಮ 1000 ಕೆ.ಜಿ. ಮರಕ್ಕೆ ಸುಮಾರು 50 ಕೆ.ಜಿ. ಸಿಗುತ್ತೆ, ಅಂದರೆ 63 ಲೀಟರು.

ಇಷ್ಟೇನಾ ಅಂದಿರಾ? ತಡೀರಿ. ಆಟ ಶುರುವಾಗುವುದೇ ಈಗ!

ಮದ್ಯಸಾರ ಇಳಿಸಿದ ಮೇಲೂ ಆ ನೀರು ಕಪ್ಪಗೆ, ಅಂಟಂಟಾಗಿ ಉಳಿದಿರುತ್ತೆ. ಅದರಲ್ಲಿರುವುದು ಲಿಗ್ನಿನ್. ಮರದ ನಾರುಗಳನ್ನು ಬಿಗಿದು ಹಿಡಿದಿದ್ದ ಅಂಟು. ಎಷ್ಟು? ಇನ್ನೊಂದು 400 ಕೆ.ಜಿ.! ಎಸೆಯುತ್ತಾರಾ? ಎಸೆಯುವುದಾ! ಕಾಂಕ್ರೀಟಿಗೆ ಒಂಚೂರು ಬೆರೆಸಿದರೆ ಸಾಕು, ಕಮ್ಮಿ ನೀರಿನಲ್ಲೇ ಕಲಸು ಸರಾಗವಾಗಿ ಹರಿಯುತ್ತೆ. ನೀರು ಕಮ್ಮಿಯಾದಷ್ಟೂ ಗೋಡೆ ಗಟ್ಟಿ! ದನದ ಹಿಂಡಿಯ ಗುಳಿಗೆ ಪುಡಿಯಾಗದಂತೆ ಹಿಡಿಯುವುದಕ್ಕೂ ಇದೇ. ಇನ್ನೂ ಒಂದು ಕಡೆ ಇದೆ. ಅದು ಆಮೇಲೆ.

ಈಗ ದೊಡ್ಡ ಪ್ರಶ್ನೆ. ಆ ಕಪ್ಪು ಅಂಟಿಗೆ ಕ್ಷಾರ ಬೆರೆಸಿ, ಒತ್ತಡದಲ್ಲಿ ಕಾಯಿಸಿ, ಆಮ್ಲಜನಕ ಹಾಯಿಸಿದರೆ ಏನು ಬರುತ್ತೆ? ಸುಳಿವು ಬೇಕಾ? ನೀವು ಅದನ್ನು ತಿಂದಿದ್ದೀರಿ!

ವೆನಿಲಾ!

ಐಸ್‌ಕ್ರೀಮಿನ ಆ ಘಮ! ಅದರ ಜೀವಾಳವಾದ ವೆನಿಲಿನ್ ಅನ್ನು ಬೋರೆಗಾರ್ಡ್ 1962ರಿಂದ ಮರದ ಅಂಟಿನಿಂದಲೇ ಮಾಡುತ್ತಿದೆ. ಹಳೇ ಪುಸ್ತಕ ಬಿಚ್ಚಿದರೆ ತೆಳುವಾಗಿ ಸಿಹಿ ವಾಸನೆ ಬರುತ್ತಲ್ಲ? ಅದರಲ್ಲೂ ವೆನಿಲಿನ್‌ನ ಪಾಲಿದೆ. ಕಾಗದದಲ್ಲಿ ಉಳಿದ ಲಿಗ್ನಿನ್ ಮೆಲ್ಲಗೆ ಮುರಿಯುತ್ತಿರುತ್ತೆ!

1000 ಕೆ.ಜಿ. ಮರಕ್ಕೆ ವೆನಿಲಿನ್ ಎಷ್ಟು? 3 ಕೆ.ಜಿ.! ನಕ್ಕಿರಾ? ನಮ್ಮ ಮಲೆನಾಡಿನವರು ನಗುವುದಿಲ್ಲ. 2003ರ ಸುಮಾರಿಗೆ ವೆನಿಲಾ ಬೆಲೆ ಆಕಾಶಕ್ಕೇರಿದಾಗ ರಾತ್ರಿಯೆಲ್ಲ ತೋಟ ಕಾದವರು ಅವರು. ಆಮೇಲೆ ಬೆಲೆ ನೆಲಕಚ್ಚಿದ್ದನ್ನು ಕಂಡವರೂ ಅವರೇ. ಒಂದೇ ಬೆಳಗು ಅರಳಿರುವ ಹೂವು. ಒಂದೊಂದಕ್ಕೂ ಕಡ್ಡಿ ಹಿಡಿದು ಕೈಯಾರೆ ಪರಾಗಸ್ಪರ್ಶ. ಇಷ್ಟೆಲ್ಲ ಮಾಡಿ ಸಂಸ್ಕರಿಸಿದ ಕೋಡಿನಲ್ಲಿ ವೆನಿಲಿನ್ ನೂರಕ್ಕೆ ಎರಡರಷ್ಟು. ಅಂದರೆ ಆ 3 ಕೆ.ಜಿ.ಗೆ 150 ಕೆ.ಜಿ. ಒಣ ಕೋಡು ಬೇಕು! (ಅಸಲಿ ಕೋಡಿನ ಘಮದಲ್ಲಿ ನೂರಾರು ಸಂಯುಕ್ತಗಳಿವೆ. ಮರದ ವೆನಿಲಿನ್ ಅದಕ್ಕೆ ಸಾಟಿಯಲ್ಲ. ಬೆಳೆಗಾರರು ಸಿಟ್ಟಾಗಬಾರದು.)

ಇಂಥ ಕಾರ್ಖಾನೆ ನಮ್ಮ ದೇಶದಲ್ಲಿ? ಅಸ್ಸಾಮಿನ ನುಮಾಲಿಗಢದಲ್ಲಿ 2025ರಲ್ಲಿ ಬಿದಿರಿನ ಎಥನಾಲ್ ಕಾರ್ಖಾನೆ ಉದ್ಘಾಟನೆ ಆಯ್ತು! ಅಲ್ಲಿ ಜತೆಗೆ ಬರುವ ಮರಿಗಳು ಫರ್‌ಫ್ಯೂರಲ್, ಅಸಿಟಿಕ್ ಆಮ್ಲ. ನಮ್ಮ ಭದ್ರಾವತಿಯಂತೂ ಇನ್ನೂ ಹಳೇ ಹುಲಿ! 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಬೇಕಿತ್ತು. ಸೌದೆಯನ್ನು ಗಾಳಿಯಾಡದಂತೆ ಸುಡುವಾಗ ಏಳುವ ಹೊಗೆಯನ್ನೂ ಬಿಡಲಿಲ್ಲ. ತಣಿಸಿ ಮದ್ಯಸಾರ, ಟಾರು ತೆಗೆದರು! ಆದರೆ ಹುಷಾರ್, ಅದು ಎಥನಾಲ್ ಅಲ್ಲ, ಮೆಥನಾಲ್. ಕುಡಿದರೆ ಕಣ್ಣು ಹೋಗುತ್ತೆ, ಪ್ರಾಣವೂ ಹೋಗುತ್ತೆ.

ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ? ನಿಮ್ಮ ಮನೆಯ ಇನ್ವರ್ಟರ್! ಸೀಸದ ಬ್ಯಾಟರಿಯ ನೆಗೆಟಿವ್ ಪ್ಲೇಟಿಗೆ ಆ ಮರದ ಅಂಟನ್ನು ಚಿಟಿಕೆಯಷ್ಟು ಬೆರೆಸಿರುತ್ತಾರೆ. ನೂರಕ್ಕೆ ಒಂದು ಪಾಲೂ ಇಲ್ಲ! ಅಷ್ಟು ಇಲ್ಲದೆ ಹೋದರೆ ಸೀಸ ಗಟ್ಟಿ ಕಟ್ಟಿ ಬ್ಯಾಟರಿ ಬೇಗ ಕೈಕೊಡುತ್ತೆ!