ಡಿಯೆಗೊ (ಹೆಸರು)

ಡಿಯೆಗೊ ಸ್ಪ್ಯಾನಿಷ್ ಭಾಷೆಯ ಒಂದು ಪುರುಷನಾಮ. ಇದರ ಪೋರ್ಚುಗೀಸ್ ರೂಪ ಡಿಯೋಗೊ. ಮಧ್ಯಯುಗದ ಲ್ಯಾಟಿನ್ ದಾಖಲೆಗಳಲ್ಲಿ ಡಿಡಾಕಸ್ ಎಂದಿದೆ.

ವ್ಯುತ್ಪತ್ತಿ

ಹೆಸರಿನ ಮೂಲದ ಬಗ್ಗೆ ಒಮ್ಮತವಿಲ್ಲ. ಸಂತ ಯಾಕೋಬ ಎಂಬರ್ಥದ 'ಸ್ಯಾಂಟ್ ಯಾಗೊ' ಉಚ್ಚಾರಣೆಯಲ್ಲಿ 'ಸ್ಯಾನ್ ಟಿಯಾಗೊ' ಎಂದು ಒಡೆದು, ಟಿಯಾಗೊ ಮುಂದೆ ಡಿಯೆಗೊ ಆಯಿತೆಂಬುದು ಪ್ರಚಲಿತ ವಿವರಣೆ. ಹೀಬ್ರೂವಿನ ಯಾಕೋವ್, ಲ್ಯಾಟಿನ್ನಿನ ಯಾಕೋಬಸ್, ಅರಬ್ಬಿಯ ಯಾಕೂಬ್, ಫ್ರೆಂಚಿನ ಜಾಕ್, ಇಂಗ್ಲಿಷಿನ ಜೇಮ್ಸ್ ಒಂದೇ ಹೆಸರಿನ ಕವಲುಗಳು. ಪೋರ್ಚುಗೀಸರ ಟಿಯಾಗೊ ಎಂಬ ಹೆಸರು ಹುಟ್ಟಿದ್ದೂ ಮೇಲೆ ಹೇಳಿದ ರೀತಿಯಲ್ಲಿಯೇ. ಆದರೆ ಡಿಯೆಗೊವನ್ನು ಈ ಸಾಲಿಗೆ ಸೇರಿಸುವುದಕ್ಕೆ ಹಳೆಯ ದಾಖಲೆಗಳ ಬೆಂಬಲ ಕಡಿಮೆ. ಅವುಗಳಲ್ಲಿ ಡಿಡಾಕಸ್ ಮತ್ತು ಯಾಕೋಬಸ್ ಪ್ರತ್ಯೇಕ ಹೆಸರುಗಳು. ಡಿಡಾಕೊ, ಡಿಯಾಗೊ, ಡಿಯೆಗೊ ಎಂಬ ಬೆಳವಣಿಗೆಯೇ ಹೆಚ್ಚು ಸಹಜವಾಗಿ ತೋರುತ್ತದೆ. ಡಿಡಾಕಸ್ ಪದವನ್ನು 'ಬೋಧನೆ' ಎಂಬರ್ಥದ ಗ್ರೀಕ್ ಪದ ಡಿಡಖೆಗೆ ಜೋಡಿಸುವುದುಂಟು, ಅದೂ ಊಹೆಯೇ. ಹೀಗಾಗಿ ಹೆಸರುಪಟ್ಟಿಗಳು ಡಿಯೆಗೊಗೆ ಯಾಕೋಬನ ಹೆಸರಿನ ಅರ್ಥವನ್ನೇ ಕೊಡುವುದು ಅಷ್ಟು ಭದ್ರವಲ್ಲ.

ಬಳಕೆ

ಚಿಲಿಯ ರಾಜಧಾನಿ ಸ್ಯಾಂಟಿಯಾಗೊ ಯೇಸುವಿನ ಶಿಷ್ಯ ಯಾಕೋಬನ ಹೆಸರನ್ನು ಹೊತ್ತಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ಬೇರೊಬ್ಬ ಸಂತನ ಊರು: 1463ರಲ್ಲಿ ನಿಧನನಾದ ಫ್ರಾನ್ಸಿಸ್ಕನ್ ಸಂತ ಅಲ್ಕಲಾದ ಡಿಯೆಗೊ. ಅಲ್ಲಿನ ಕೊಲ್ಲಿಗೆ ಈ ಹೆಸರಿಟ್ಟವನು ನಾವಿಕ ಸೆಬಾಸ್ಟಿಯನ್ ವಿಜ್ಕೈನೊ, 1602ರಲ್ಲಿ. ಚಿತ್ರಕಾರರಾದ ಡಿಯೆಗೊ ವೆಲಾಸ್ಕೆಜ್ ಮತ್ತು ಡಿಯೆಗೊ ರಿವೇರಾ, ಅರ್ಜೆಂಟೀನಾದ ಫುಟ್ಬಾಲ್ ಆಟಗಾರ ಡಿಯೆಗೊ ಮರಡೋನಾ ಈ ಹೆಸರಿನ ಪ್ರಸಿದ್ಧರು.

ಕುಲನಾಮ

'ಡಿಯೆಗೊನ ಮಗ' ಎಂಬರ್ಥದಲ್ಲಿ ಡಿಯಾಜ್ ಎಂಬ ಕುಲನಾಮ ಬಂದಿದೆ. ಎಲ್ ಸಿದ್ ಎಂದು ಖ್ಯಾತನಾದ ರೊಡ್ರಿಗೊ ಡಿಯಾಜ್‌ನ ತಂದೆ ಡಿಯೆಗೊ ಲೈನೆಜ್. ಇದರ ಪೋರ್ಚುಗೀಸ್ ರೂಪವೇ ಗೋವಾ ಮತ್ತು ಮಂಗಳೂರಿನ ಕ್ಯಾಥೊಲಿಕರಲ್ಲಿ ಕಂಡುಬರುವ ಡಯಾಸ್.