ಟ್ರ್ಯಾಕಿಗೆ ಹೊರಡುವ ಬೈಕು, ಸವಾರ ಮತ್ತು ವಿಮಾ ಪಾಲಿಸಿ

ಹೆಬ್ಬಾಳದಿಂದ ದೇವನಹಳ್ಳಿಯತ್ತ ಸಾಗುವ ಬಳ್ಳಾರಿ ರಸ್ತೆಯಲ್ಲಿ ವ್ಹೀಲಿ ಮಾಡುವ ಯುವಕರ ಮೇಲೆ ಪೊಲೀಸರು ಪ್ರಕರಣ ದಾಖಲಿಸುವುದು ಹೊಸ ಸುದ್ದಿಯಲ್ಲ. ಸಾರ್ವಜನಿಕ ರಸ್ತೆ ವೇಗಕ್ಕೆ ತಕ್ಕ ಸ್ಥಳವಲ್ಲವೆಂದು ಅರಿತ ಸವಾರರು ಚೆನ್ನೈ ಹೆದ್ದಾರಿ ಹಿಡಿದು ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈಗೆ ಹೋಗುತ್ತಾರೆ. ಅಲ್ಲಿನ ಸುಮಾರು 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ 1990ರಲ್ಲಿ ಆರಂಭವಾಯಿತು. ಶುಲ್ಕ ತೆತ್ತು, ಪಂದ್ಯವಿಲ್ಲದೆ ಸ್ವಂತ ಬೈಕನ್ನು ಓಡಿಸುವ ದಿನಕ್ಕೆ ‘ಟ್ರ್ಯಾಕ್ ಡೇ’ ಎನ್ನುತ್ತಾರೆ.

ಟ್ರ್ಯಾಕಿನಲ್ಲಿ ಎದುರು ಬರುವ ಲಾರಿಯಿಲ್ಲ, ಅಡ್ಡ ಬರುವ ನಾಯಿಯಿಲ್ಲ, ಆಂಬುಲೆನ್ಸ್ ಸಿದ್ಧವಾಗಿರುತ್ತದೆ. ಆದರೂ ಅಪಾಯ ಅಳಿಯುವುದಿಲ್ಲ. 2023ರ ಆಗಸ್ಟ್ 5ರಂದು ಇದೇ ಟ್ರ್ಯಾಕಿನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಸವಾರ ಶ್ರೇಯಸ್ ಹರೀಶ್ ಬಿದ್ದು, ತಲೆಗೆ ಪೆಟ್ಟಾಗಿ ಮೃತಪಟ್ಟನು. ಟ್ರ್ಯಾಕ್ ಡೇ ಪಂದ್ಯವಲ್ಲ, ನಿಜ. ಆದರೆ ಡಾಂಬರು ಅದೇ.

ಸುರಕ್ಷತೆಯ ಬಹುಪಾಲು ಹಿಂದಿನ ದಿನ, ವರ್ಕ್‌ಶಾಪಿನಲ್ಲೇ ನಿರ್ಧಾರವಾಗುತ್ತದೆ. ಬ್ರೇಕ್ ದ್ರವವನ್ನೇ ನೋಡಿ. ಡಾಟ್-4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ದ್ರವಕ್ಕೆ ಮಾನಕವು 155 ಡಿಗ್ರಿಯನ್ನೂ ಒಪ್ಪುತ್ತದೆ. ನಗರದ ಓಡಾಟಕ್ಕೆ ಸಾಲುವ ಹಳೆಯ ದ್ರವ ಸತತ ಬಿಗಿ ಬ್ರೇಕಿನ ಕಾವಿಗೆ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ, ಲಿವರ್ ಒತ್ತಿದರೂ ಬೈಕು ನಿಲ್ಲದು. ಎಂಜಿನ್ ಆಯಿಲ್ ಬೋಲ್ಟ್ ಕಳಚಿಕೊಂಡರೆ ಹಿಂದೆ ಬರುವವರೆಲ್ಲ ಜಾರುತ್ತಾರೆ. ಅದರ ತಲೆಗೆ ರಂಧ್ರ ಕೊರೆದು ತಂತಿ ಬಿಗಿಯುವುದು ಪೀಣ್ಯದ ಯಾವ ಯಂತ್ರಾಗಾರಕ್ಕೂ ಹತ್ತು ನಿಮಿಷದ ಕೆಲಸ. ಕೂಲೆಂಟ್ ಚೆಲ್ಲಿದರೂ ಡಾಂಬರು ಜಾರುವುದರಿಂದ ಅದರ ಬದಲು ಬರಿ ನೀರು ತುಂಬಿಸುವ ರೂಢಿಯಿದೆ.

2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟಿನ ತಯಾರಿಕೆ, ಮಾರಾಟ ಎರಡೂ ನಿಷಿದ್ಧ. ಟ್ರ್ಯಾಕಿಗೆ ಆ ಗುರುತಷ್ಟೇ ಸಾಲದು. ಮುಖವನ್ನು ಪೂರ್ಣ ಮುಚ್ಚುವ, ತಲೆಗೆ ಬಿಗಿಯಾಗಿ ಕೂರುವ ಹೆಲ್ಮೆಟ್ ಬೇಕು. ಚರ್ಮದ ಉಡುಪು, ಮಣಿಕಟ್ಟು ಮುಚ್ಚುವ ಕೈಗವಸು, ಬೆನ್ನಿನ ರಕ್ಷಾಕವಚ ಇವೂ ಅನಿವಾರ್ಯ.

ಓಡಿಸುವಾಗ ಹಳದಿ ಬಾವುಟ ಕಂಡರೆ ಯಾರನ್ನೂ ಹಿಂದಿಕ್ಕಬಾರದು. ಕೆಂಪು ಬಾವುಟಕ್ಕೆ ವೇಗ ತಗ್ಗಿಸಿ ಪಿಟ್‌ಗೆ ಮರಳಬೇಕು. ಹಿಂದಿನಿಂದ ವೇಗವಾಗಿ ಬರುವವನಿಗೆ ದಾರಿ ಬಿಡಲೆಂದು ಥಟ್ಟನೆ ಪಕ್ಕಕ್ಕೆ ಸರಿಯುವುದೇ ಹೊಸಬರ ದೊಡ್ಡ ತಪ್ಪು. ತನ್ನ ಜಾಡಿನಲ್ಲೇ ಸಾಗಬೇಕು. ದಾಟುವ ಹೊಣೆ ಹಿಂದಿನವನದು.

ಉದ್ಯಮಿಗಳು ಕಡೆಗಣಿಸುವುದು ಪಾಲಿಸಿಯನ್ನು. ನಮ್ಮ ದೇಶದ ಸಾಮಾನ್ಯ ದ್ವಿಚಕ್ರ ವಾಹನ ಪಾಲಿಸಿಯು ಸಂಘಟಿತ ರೇಸ್, ವೇಗ ಪರೀಕ್ಷೆಗಳನ್ನು ಹೊರಗಿಟ್ಟಿದೆ. ‘ಅದು ರೇಸ್ ಅಲ್ಲ’ ಎಂಬ ವಾದವನ್ನು ಕ್ಲೇಮಿನ ವೇಳೆ ನೆಚ್ಚಿಕೊಳ್ಳುವುದು ಜಾಣತನವಲ್ಲ. ಆರೋಗ್ಯ ವಿಮೆಯ ಪ್ರಮಾಣಿತ ನಿಬಂಧನೆಯು ಇಂಥ ಕ್ರೀಡೆಗಳಲ್ಲಿ ವೃತ್ತಿಪರರಾಗಿ ಭಾಗವಹಿಸುವವರನ್ನು ಹೊರಗಿಡುತ್ತದೆ. ಹವ್ಯಾಸಿಗಳು ಕಂಪನಿಯಿಂದ ಲಿಖಿತ ಉತ್ತರ ಪಡೆದು ಹೊರಡುವುದು ಲೇಸು. ಚೆಕ್ಕಿಗೆ ಸಹಿ ಹಾಕುವವರೂ ಸರಬರಾಜಿನ ಗಡುವು ಕಾಯುವವರೂ ಒಬ್ಬರೇ ಆಗಿರುವ ಸಣ್ಣ ಘಟಕಗಳಲ್ಲಿ ಮಾಲೀಕರ ಒಂದು ಮುರಿದ ಮೂಳೆ ಇಡೀ ತಿಂಗಳ ವೇತನ ಬಟವಾಡೆಯನ್ನೇ ತಡೆಯಬಹುದು. ಬ್ಯಾಂಕಿನಲ್ಲಿ ಮತ್ತೊಬ್ಬರಿಗೆ ಸಹಿಯ ಅಧಿಕಾರ ಕೊಡುವುದೂ ಸಿದ್ಧತೆಯ ಭಾಗವೇ.

ಇನ್ನು ಮರಳುವ ಪಯಣ. ದಿನವಿಡೀ ಬಿಸಿಲಿನಲ್ಲಿ ಬಳಲಿದ ಸವಾರ, ಸವೆದ ಟೈರು, ಮುಂದೆ ಯಶವಂತಪುರದವರೆಗೆ ಸುಮಾರು 300 ಕಿ.ಮೀ. ಹೆದ್ದಾರಿ. ಅನುಭವಿಗಳು ಬೈಕನ್ನು ಟೆಂಪೊಗೆ ಏರಿಸಿ, ತಾವು ರೈಲಿನಲ್ಲಿ ಬರುತ್ತಾರೆ.