ಬೆಂಕಿ ಉಂಡ ಬಳಪದ ಕಲ್ಲು

ಓದುಗರೊಬ್ಬರು ಪದಕದ ಚಿತ್ರ ಕಳಿಸಿದ್ದಾರೆ. ‘ಇದು ಹರಪ್ಪದ ಪುರೋಹಿತರ ಮುದ್ರೆಯಂತೆ. ಇದರಲ್ಲಿರುವ ಮಂತ್ರ ಕೊರಳಲ್ಲಿದ್ದರೆ ಕಾಯಿಲೆ ಹತ್ತಿರ ಸುಳಿಯದಂತೆ. ನಿಜವೇ?’

ಸುಳ್ಳು. ಚಿತ್ರದಲ್ಲಿರುವುದು ಸಿಂಧೂ ನಾಗರಿಕತೆಯ ಮೊಹೆಂಜೊದಾರೊದ ‘ಪಶುಪತಿ’ ಮುದ್ರೆಯ ನಕಲು. ಕೋಡಿನ ಕಿರೀಟ ತೊಟ್ಟು ಕುಳಿತ ಆಕೃತಿ, ಸುತ್ತ ಆನೆ, ಹುಲಿ, ಘೇಂಡಾಮೃಗ, ಕೋಣ, ಮೇಲೊಂದು ಸಾಲು ಬರಹ. ಆ ಲಿಪಿಯನ್ನು ಎಲ್ಲ ವಿದ್ವಾಂಸರೂ ಒಪ್ಪುವಂತೆ ಓದಿದವರು ಇಂದಿಗೂ ಇಲ್ಲ. ಓದಲಾಗದ ಬರಹವನ್ನು ಮಂತ್ರವೆಂದು ಮಾರುವುದು ಮೋಸ. ಪಶುಪತಿ ಎಂಬ ಹೆಸರಾದರೂ ಮುದ್ರೆಯಲ್ಲಿ ಓದಿಕೊಂಡದ್ದಲ್ಲ. ಇದು ಶಿವನ ಮೂಲರೂಪವಿರಬೇಕೆಂದು ಜಾನ್ ಮಾರ್ಷಲ್ 1931ರಲ್ಲಿ ಮುಂದಿಟ್ಟ ಊಹೆಯಿಂದ ಬಂದದ್ದು.

ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅಸಲಿ ಮುದ್ರೆಯೆದುರು ನಿಂತಾಗ ನನ್ನನ್ನು ಮೊದಲು ಹಿಡಿದದ್ದು ಅದರ ಗಾತ್ರ. ಅಗಲ ಮೂರೂವರೆ ಸೆಂಟಿಮೀಟರ್, ಅಷ್ಟೇ! ಅದರೊಳಗೆ ಹುಲಿಯ ಪಟ್ಟೆಗಳೂ ಸ್ಪಷ್ಟ. ಹೇಗೆ ಸಾಧ್ಯವಾಯಿತು? ಉತ್ತರ ನಮ್ಮ ಶಾಲಾಚೀಲದಲ್ಲೇ ಇತ್ತು. ಮುದ್ರೆಯ ಕಲ್ಲು ಸ್ಟಿಯಟೈಟ್, ಅಂದರೆ ನಾವು ಸ್ಲೇಟಿನ ಮೇಲೆ ‘ಅ ಆ’ ತಿದ್ದಿದ ಬಳಪದ ಜಾತಿ. ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆದು. ಬೇಲೂರು, ಹಳೇಬೀಡಿನ ಶಿಲ್ಪಿಗಳ ಉಳಿಗೆ ಒದಗಿದ್ದೂ ಬಳಪದ ಕಲ್ಲೇ.

ಆದರೆ ಮೆದು ಕಲ್ಲಿನ ಮುದ್ರೆ ದಿನವೂ ಒತ್ತಿದರೆ ಸವೆದುಹೋಗಬೇಕಲ್ಲ? ಸಿಂಧೂ ಕುಶಲಕರ್ಮಿ ಕೆತ್ತನೆ ಮುಗಿಸಿ ಅದನ್ನು ಗೂಡಿನಲ್ಲಿಟ್ಟು ಸುಟ್ಟ. ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿದಾಗ, ಕಲ್ಲಿನ ಹರಳುಗಳೊಳಗೆ ಬೆಸೆದುಕೊಂಡಿದ್ದ ನೀರಿನಂಶ ಹೊರಬೀಳುತ್ತದೆ. ಪದರ ಪದರವಾಗಿ ಜಾರುತ್ತಿದ್ದ ರಚನೆ ಕುಸಿದು ಎನ್‌ಸ್ಟಟೈಟ್ ಎಂಬ ಬೇರೆಯೇ ಖನಿಜ ಹುಟ್ಟುತ್ತದೆ. ಉಗುರಿಗೆ ಸೋಲುತ್ತಿದ್ದ ಕಲ್ಲು ಈಗ ಗಟ್ಟಿ, ಮೇಲ್ಮೈ ಬಿಳುಪು. ಮೆದುವಿದ್ದಾಗ ಕೆತ್ತು, ಆಮೇಲೆ ಗಟ್ಟಿ ಮಾಡು: ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಜಾಣ್ಮೆಗೆ ನಾನು ಕೈಮುಗಿಯುತ್ತೇನೆ. ಇಂದಿಗೂ ಬಳಪದ ಕಲ್ಲಿನ ಪುಡಿಯನ್ನು ಅಚ್ಚೊತ್ತಿ ಸುಟ್ಟು ವಿದ್ಯುತ್ ನಿರೋಧಕಗಳನ್ನು ಮಾಡುತ್ತಾರೆ.

ಇನ್ನು ಪುರೋಹಿತರ ಮಾತು. ಮುದ್ರೆ ಹಿಡಿದವರಲ್ಲಿ ಅವರೂ ಇದ್ದಿರಬಹುದು. ಆದರೆ ಮುದ್ರೆಗಳಿಗೆ ಏನು ಕೆಲಸವಿತ್ತು ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಗುಜರಾತಿನ ಲೋಥಲ್‌ನಲ್ಲಿ. 1955ರಿಂದ ಅಲ್ಲಿ ಉತ್ಖನನ ನಡೆಸಿದವರು ನಮ್ಮವರೇ ಆದ ಎಸ್. ಆರ್. ರಾವ್. ಉಗ್ರಾಣವೊಂದರಲ್ಲಿ ಮುದ್ರೆ ಒತ್ತಿದ ಹಸಿಮಣ್ಣಿನ ಬಿಲ್ಲೆಗಳು 60ಕ್ಕೂ ಹೆಚ್ಚು ದೊರೆತವು. ಹಸಿಮಣ್ಣು ಇಷ್ಟು ಕಾಲ ಉಳಿಯುವುದುಂಟೆ? ಉಗ್ರಾಣಕ್ಕೆ ಬೆಂಕಿ ಬಿದ್ದು ಬಿಲ್ಲೆಗಳೂ ಬೆಂದಿದ್ದವು. ಮುದ್ರೆಯನ್ನು ಗಟ್ಟಿ ಮಾಡಿದ ಬೆಂಕಿಯೇ ಅದರ ಗುರುತನ್ನೂ ಕಾಪಾಡಿತು.

ಬಿಲ್ಲೆಗಳ ಮುಂಭಾಗದಲ್ಲಿ ಪ್ರಾಣಿ ಮತ್ತು ಲಿಪಿ. ಬೆನ್ನು ತಿರುಗಿಸಿದರೆ ಚಾಪೆಯ ನೇಯ್ಗೆ, ಬಟ್ಟೆಯ ಎಳೆ, ಬಿಗಿದ ಹಗ್ಗದ ಗುರುತು. ಅಂಚೆಯ ಪಾರ್ಸೆಲ್ಲಿಗೆ ಅರಗು ಹಾಕಿ ಮೊಹರು ಒತ್ತುವಂತೆ, ಸರಕಿನ ಮೂಟೆ ಕಟ್ಟಿ, ಗಂಟಿನ ಮೇಲೆ ಮಣ್ಣು ಮೆತ್ತಿ ಒತ್ತಿದ ಮೊಹರು ಅವು. ದಯವಿಟ್ಟು ಆ ಪದಕ ಕೊಳ್ಳಬೇಡಿ. ಕಾಯಿಲೆಯಾದರೆ ವೈದ್ಯರ ಬಳಿ ಹೋಗಿ.